ಯಾರ ಸಲುವಾಗಿ ಈ ಶಾಲೆ?

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಮುನ್ನ ಮೈತ್ರೇಯಿಗೆ ಹೇಳುವ ಮಾತುಗಳಲ್ಲಿ ಒಂದು ಹೆತ್ತವರ ಗಂಟಲಲ್ಲಿ ಸುಲಭವಾಗಿ ಇಳಿಯುವಂಥದ್ದಲ್ಲ. ಮಕ್ಕಳು ಪ್ರಿಯರಾಗುವುದು ಮಕ್ಕಳ ಸಲುವಾಗಿ ಅಲ್ಲ, ಆತ್ಮದ ಸಲುವಾಗಿ ಎಂಬುದು ಅದರ ತಾತ್ಪರ್ಯ. ಎಲ್ಲರೊಳಗೂ ಇರುವ ಒಂದೇ ತತ್ತ್ವದ ಕಡೆಗೆ ಆ ಸಂವಾದ ಏರುತ್ತದೆ ನಿಜ. ಆದರೆ ಮೊದಲ ಮೆಟ್ಟಿಲಲ್ಲಿ ಅದಕ್ಕೆ ನೇರವಾದ, ನಿಷ್ಠುರವಾದ ಅರ್ಥವಿದೆ: ನಾವು ಇತರರ ಮೇಲಿಟ್ಟ ಪ್ರೀತಿಯ ಬುಡದಲ್ಲಿ ನಮ್ಮ ಮೇಲಿನ ಪ್ರೀತಿ ಕೂತಿರುತ್ತದೆ. ಮೂರು ವರ್ಷದ ಮಗುವಿಗೆ ಶಾಲೆ ಹುಡುಕುವವರು ಈ ಮಾತನ್ನು ಎದುರಿಗಿಟ್ಟುಕೊಂಡು ಒಂದು ಗಳಿಗೆ ಕೂರಬೇಕು ಎಂದು ನನಗೆ ತೋರುತ್ತದೆ. ಪ್ಲೇಹೋಮ್, ಮಾಂಟೆಸರಿ, ಎಲ್‌ಕೆಜಿ, ಅಂಗನವಾಡಿ, ಇವುಗಳಲ್ಲಿ ಯಾವುದು ಎಂಬುದು ಮೇಲುನೋಟಕ್ಕೆ ಫೀಸಿನ, ದೂರದ, ಶಾಲಾ ವ್ಯಾನಿನ ಪ್ರಶ್ನೆ. ಒಳಗೆ ಅದು ಧರ್ಮದ ಪ್ರಶ್ನೆ. ಒಪ್ಪಿಗೆ ಕೊಡಲು ಬಾರದ, ಬೇಡವೆಂದರೂ ಯಾರೂ ಕೇಳಿಸಿಕೊಳ್ಳದ ಒಂದು ಜೀವದ ದಿನಗಳನ್ನು ಇನ್ನೊಬ್ಬರು ಯಾವ ಅಧಿಕಾರದಿಂದ, ಯಾರ ಸಲುವಾಗಿ ಖರ್ಚು ಮಾಡುತ್ತಾರೆ? ನನ್ನ ವಾದ ಇಷ್ಟು: ಮಗುವಿನ ಇವತ್ತನ್ನು ಅದರ ನಾಳೆಗೆ ಒತ್ತೆಯಿಡುವ ಹಕ್ಕು ಹೆತ್ತವರಿಗಿಲ್ಲ. ಆದ್ದರಿಂದ ಶಾಲೆ ಆರಿಸುವಾಗ ಮೊದಲು ಕೇಳಬೇಕಾದದ್ದು, ಅಲ್ಲಿ ಮಗುವಿನ ಒಂದು ಬೆಳಗು ಹೇಗೆ ಕಳೆಯುತ್ತದೆ ಎಂದು. ಮುಂದೆ ಏನಾಗುತ್ತದೆ ಎಂಬುದು ಎರಡನೆಯ ಪ್ರಶ್ನೆ.

ಈಗ ಆಯ್ಕೆ ನಡೆಯುತ್ತಿರುವ ರೀತಿ ನೋಡಿ. ನಗರಗಳಲ್ಲಿ, ಈಚೆಗೆ ತಾಲ್ಲೂಕು ಕೇಂದ್ರಗಳಲ್ಲೂ, ಎಲ್‌ಕೆಜಿ ಸೀಟು ಸಿಕ್ಕಿತೆಂದರೆ ಅದೇ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ದಾರಿ ಸಲೀಸು. ಹಾಗಾಗಿ ಮೂರೂವರೆ ವರ್ಷದ ಕೂಸಿನ ಅರ್ಜಿ ತುಂಬುವ ಅಪ್ಪ ಅಮ್ಮನ ಕಣ್ಣ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸಿಇಟಿ ರ‍್ಯಾಂಕು ನಿಂತಿರುತ್ತವೆ. ಕೂಸು ಹಿಂದೆ ಸರಿದಿರುತ್ತದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. 2025–26ರಲ್ಲಿ ಅದು ಜಾರಿಯಾಗುವ ಹೊತ್ತಿಗೆ, ಬೇಗ ಸೇರಿಸಿ ಯುಕೆಜಿ ಮುಗಿಸಿದ್ದ ಮಕ್ಕಳ ಪೋಷಕರು ಒಂದು ವರ್ಷ ಹಾಳಾಗುತ್ತದೆಂದು ಮೊರೆಯಿಟ್ಟರು. ಆ ಸಾಲಿಗೆ ಮಾತ್ರ ಸರ್ಕಾರ ವಯಸ್ಸನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಅವರ ಕಷ್ಟ ಸುಳ್ಳಲ್ಲ, ಇನ್ನೊಂದು ವರ್ಷದ ಫೀಸು ಯಾರಿಗೂ ಹಗುರವಲ್ಲ. ಆದರೆ ಆ ದೂರಿನೊಳಗೆ ಅಡಗಿದ್ದ ನಂಬಿಕೆ ಗಮನಿಸುವಂಥದ್ದು: ಐದೂವರೆ ವರ್ಷದ ಮಗು ಇನ್ನೊಂದು ವರ್ಷ ಆಡಿಕೊಂಡು, ಹಾಡಿಕೊಂಡು, ಕತೆ ಕೇಳಿಕೊಂಡು ಇದ್ದರೆ ಆ ವರ್ಷ ಬದುಕಿನ ಲೆಕ್ಕಕ್ಕೇ ಸೇರುವುದಿಲ್ಲ. ಈ ನಂಬಿಕೆ ಕೊನೆಗೆ ಬಂದು ಕೂರುವುದು ಮಗುವಿನ ಬೆರಳುಗಳ ಮೇಲೆ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಹಲವು ಮೂರು ವರ್ಷಕ್ಕೆ ಇನ್ನೂ ಮೂಳೆಯಾಗಿ ಗಟ್ಟಿಗೊಂಡೇ ಇರುವುದಿಲ್ಲ, ಮೃದ್ವಸ್ಥಿಯಾಗಿಯೇ ಇರುತ್ತವೆ. ಅಂಥ ಕೈ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಬಲ ಹಾಕಿ, ಚುಕ್ಕಿಗಳ ಮೇಲೆ ‘ಅ’ ತಿದ್ದುತ್ತದೆ. ಹಾಳೆ ತೂತಾಗುತ್ತದೆ, ಮಗು ತಲೆಯೆತ್ತಿ ಮಿಸ್ಸಿನ ಮುಖ ನೋಡುತ್ತದೆ. ಅದೇ ಬೆಳಗ್ಗೆ ನಾಲ್ಕು ಗೆರೆಯ ಇನ್ನೊಂದು ಪುಸ್ತಕದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಕಾದಿರುತ್ತವೆ.

ಶಿಶುವಿಹಾರವೆಂಬ ಕಲ್ಪನೆಯನ್ನು ಹುಟ್ಟುಹಾಕಿದವರು ಇದಕ್ಕೆ ಸಂಪೂರ್ಣ ವಿರುದ್ಧವಾದದ್ದನ್ನು ನಂಬಿದ್ದರು, ಮತ್ತು ಅವರ ನಂಬಿಕೆಗೆ ಧಾರ್ಮಿಕ ಬೇರು ಇತ್ತು. ಜರ್ಮನಿಯ ಫ್ರೋಬೆಲ್ ಲೂಥರನ್ ಪಾದ್ರಿಯ ಮಗ. ಪ್ರಕೃತಿಯಲ್ಲೂ ಮನುಷ್ಯನಲ್ಲೂ ದೇವರ ಒಂದೇ ನಿಯಮ ಹರಿಯುತ್ತಿದೆ, ಮಗುವಿನ ಆಟದಲ್ಲಿ ಅದು ಹೊರಗೆ ಬರುತ್ತದೆ ಎಂದು ನಂಬಿ 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಕೆಲಸ ಶುರುಮಾಡಿದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. 1851ರಲ್ಲಿ ಪ್ರಷ್ಯಾ ಸರ್ಕಾರ ನಾಸ್ತಿಕತೆ ಹರಡುತ್ತಿವೆ ಎಂದು ಆ ಶಾಲೆಗಳನ್ನೇ ನಿಷೇಧಿಸಿತು. ಮರುವರ್ಷ ಅವನು ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಮರಿಯಾ ಮಾಂಟೆಸರಿ ವೈದ್ಯೆ, ಶ್ರದ್ಧಾವಂತ ಕ್ಯಾಥೊಲಿಕ್. 1907ರ ಜನವರಿ 6ರಂದು ಆಕೆ ಮೊದಲ ಮಕ್ಕಳ ಮನೆ ತೆರೆದದ್ದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧ ಶುರುವಾಗಿ, ಇಟಲಿಯವರೆಂಬ ಕಾರಣಕ್ಕೆ ಓಡಾಟಕ್ಕೆ ನಿರ್ಬಂಧ ಬಿದ್ದು, ಅಡ್ಯಾರ್ ಮತ್ತು ಕೊಡೈಕೆನಾಲ್‌ಗಳಲ್ಲಿ ವರ್ಷಗಟ್ಟಲೆ ಉಳಿದು ನೂರಾರು ಭಾರತೀಯ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮುಂಚೆಯೇ ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್, ಮಾಂಟೆಸರಿ ಸಾಮಗ್ರಿ ಬಡವರ ಕೈಗೆ ಎಟುಕದೆಂದು ಕಂಡು, ಊರಲ್ಲೇ ಸಿಗುವ ಬೀಜ, ಕಪ್ಪೆಚಿಪ್ಪು, ಕಲ್ಲುಗಳಲ್ಲಿ ಅದನ್ನು ಮಾಡಿಸಿದರು. 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದಲ್ಲಿ, ಅನುತಾಯಿ ವಾಘ್ ಜೊತೆಗೂಡಿ ಶಾಲೆಯನ್ನೇ ಆದಿವಾಸಿಗಳ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಅಲ್ಲಿ. 1975ರ ಅಕ್ಟೋಬರ್ 2ರಂದು ಕೇಂದ್ರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಪೇಟೆಯಲ್ಲಿ ಮಾಂಟೆಸರಿ ಒಂದು ತುದಿ, ಅಂಗನವಾಡಿ ಇನ್ನೊಂದು ತುದಿ. ಒಂದಕ್ಕೆ ಲಕ್ಷ ಫೀಸು, ಇನ್ನೊಂದಕ್ಕೆ ಬಡವರ ಮಕ್ಕಳು ಎಂದಾಗಿದೆ. ಎರಡಕ್ಕೂ ಬೇರು ಒಂದೇ ಎಂಬುದು ಫೀಸು ಕಟ್ಟುವವರಿಗೂ ತಿಳಿದಿಲ್ಲ, ಅಂಗನವಾಡಿಗೆ ಕಳಿಸಿ ಕೀಳರಿಮೆ ಪಡುವವರಿಗೂ ತಿಳಿದಿಲ್ಲ. ಕನ್ನಡದಲ್ಲೂ ಈ ಹಂಬಲ ಹೊಸದಲ್ಲ. 1938ರಲ್ಲಿ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ಕಟ್ಟಿದ ಮಕ್ಕಳ ಕೂಟ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗ ಎರಡೂ ಬಾಲ್ಯಕ್ಕೆ ತನ್ನದೇ ಬೆಲೆಯಿದೆ ಎಂದು ನಂಬಿದವರ ಕೆಲಸ.

ಆ ಬೆಲೆ ಎಲ್ಲಿಂದ ಬರುತ್ತದೆ? ನಮ್ಮ ದರ್ಶನಗಳಲ್ಲಿ ಇದಕ್ಕೆ ಗಟ್ಟಿಯಾದ ಉತ್ತರವಿದೆ, ನಾವು ಅದನ್ನು ಮಕ್ಕಳಿಗೆ ಅನ್ವಯಿಸುವುದಿಲ್ಲ ಅಷ್ಟೆ. ಯಾವ ಕೊರತೆಯೂ ಇಲ್ಲದ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರ ಕೊಡುವ ಸಮಾಧಾನ ಲೀಲೆ. ಏನನ್ನೋ ಪಡೆಯುವುದಕ್ಕಾಗಿ ಮಾಡುವ ಕೆಲಸ ಕೊರತೆಯಿಂದ ಹುಟ್ಟುತ್ತದೆ, ಆಟ ತುಂಬಿರುವುದರಿಂದ ಉಕ್ಕುತ್ತದೆ. ದೇವರ ಕ್ರಿಯೆಗೆ ನಾವು ಕೊಟ್ಟ ಅತ್ಯುನ್ನತ ಹೆಸರನ್ನೇ, ಮಗು ಮಾಡಿದಾಗ ಹೊತ್ತುಗಳೆಯುವುದು ಎಂದುಕೊಳ್ಳುತ್ತೇವೆ. ತೈತ್ತಿರೀಯ ಉಪನಿಷತ್ತಿನ ಐದು ಕೋಶಗಳ, ಅಂದರೆ ಮನುಷ್ಯನ ಐದು ಪದರಗಳ, ವಿಚಾರವನ್ನು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನೊಳಗೆ ಸೇರಿಸಿಕೊಂಡಿದೆ. ಅನ್ನಮಯದಿಂದ ಆನಂದಮಯದವರೆಗೆ ಮಗುವಿನ ಇಡೀ ವ್ಯಕ್ತಿತ್ವ ಬೆಳೆಯಬೇಕು ಎಂಬುದು ಅದರ ಆಶಯ. ಈ ಮಾತನ್ನು ಅಲಂಕಾರಕ್ಕೆಂದು ಹೇಳದೆ ನಿಜವಾಗಿ ನಂಬಿದರೆ ಅದರಿಂದ ಹೊರಡುವ ತೀರ್ಮಾನ ದೊಡ್ಡದು. ಕೋಶಗಳು ಒಂದರೊಳಗೊಂದು ಈಗಲೇ ಇವೆ. ಆನಂದವೆಂಬುದು ಓದು ಮುಗಿದು ಕೆಲಸ ಸಿಕ್ಕಮೇಲೆ ದಕ್ಕುವ ಬಹುಮಾನವಲ್ಲ. ನಾಲ್ಕು ವರ್ಷದ ಮಗು ಅರೆಬೆಂದ ಮನುಷ್ಯನಲ್ಲ, ನಾಲ್ಕು ವರ್ಷದ ಪೂರ್ಣ ಮನುಷ್ಯ. ಅದಕ್ಕೆ ಇವತ್ತಿನ ದಿನ ಪೂರ್ವಸಿದ್ಧತೆ ಅಲ್ಲ, ಬದುಕೇ. ಎಷ್ಟೋ ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಿದ್ದ ಕಾಲದಲ್ಲಿ, 1762ರ ‘ಎಮಿಲ್’ ಎಂಬ ಕೃತಿಯಲ್ಲಿ, ತತ್ತ್ವಜ್ಞಾನಿ ರೂಸೋ ಇದೇ ಕಾರಣಕ್ಕೆ ಅನಿಶ್ಚಿತ ಭವಿಷ್ಯಕ್ಕೆ ವರ್ತಮಾನವನ್ನು ಬಲಿಕೊಡುವ ಶಿಕ್ಷಣವನ್ನು ಕ್ರೌರ್ಯವೆಂದು ಕರೆದ. ಇಂದು ಮಕ್ಕಳು ಬದುಕುಳಿಯುತ್ತಾರೆ; ಬಲಿಯ ನ್ಯಾಯ ಮಾತ್ರ ಹಾಗೆಯೇ ಇದೆ.

ಇಷ್ಟನ್ನೂ ಒಪ್ಪದೆ, ನಾಳೆಯ ಅಳತೆಗೋಲನ್ನೇ ಹಿಡಿದು ನೋಡುತ್ತೇನೆ ಎನ್ನುವವರಿಗೂ ಪುರಾವೆ ಸಮಾಧಾನ ಕೊಡುವುದಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಸರ್ಕಾರಿ ಶಿಶುಶಾಲೆಗೆ ಚೀಟಿಯೆತ್ತಿ ಸೀಟು ಪಡೆದ ಮಕ್ಕಳನ್ನೂ ಪಡೆಯದ ಮಕ್ಕಳನ್ನೂ, ಒಟ್ಟು ಮೂರು ಸಾವಿರದಷ್ಟು ಮಂದಿಯನ್ನು, ಸಂಶೋಧಕರು ವರ್ಷಗಳ ಕಾಲ ಹಿಂಬಾಲಿಸಿದರು. ಮೊದಲು ಮುಂದಿದ್ದ ಸೀಟು ಪಡೆದ ಮಕ್ಕಳು ಆರನೇ ತರಗತಿಯ ಹೊತ್ತಿಗೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು, ಶಿಸ್ತಿನ ದೂರುಗಳೂ ಅವರ ಮೇಲೆಯೇ ಹೆಚ್ಚಿದ್ದವು. ಆ ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಇದಕ್ಕೆ ಎದುರಾಗಿ ಎಲ್ಲರೂ ಎತ್ತುವುದು ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ ಪೆರಿ ಶಾಲೆಯ ಪ್ರಯೋಗ. ಅದರ ಮಕ್ಕಳು ನಲವತ್ತನೇ ವಯಸ್ಸಿನಲ್ಲೂ ತಮ್ಮ ಓರಗೆಯವರಿಗಿಂತ ಚೆನ್ನಾಗಿ ಬಾಳುತ್ತಿದ್ದರು, ನಿಜ. ಆದರೆ ಇಡೀ ಪ್ರಯೋಗದಲ್ಲಿ ಇದ್ದದ್ದು ಒಟ್ಟು 123 ಮಕ್ಕಳು, ಶಾಲೆಯಲ್ಲಿ ಕೆಲವೇ ಮಕ್ಕಳಿಗೊಬ್ಬ ನುರಿತ ಶಿಕ್ಷಕಿ, ವಾರವಾರ ಮನೆಭೇಟಿ, ಮಗು ತಾನೇ ಯೋಜಿಸಿ ಮಾಡುವ ಕೆಲಸ. ಅದರ ಹೆಸರು ಹೇಳಿ ಎಬಿಸಿಡಿ ಉರು ಹೊಡೆಸುವ ನರ್ಸರಿಯನ್ನು ಸಮರ್ಥಿಸುವಂತಿಲ್ಲ. ನಮ್ಮಲ್ಲೇ, ಅಸ್ಸಾಂ, ರಾಜಸ್ಥಾನ ಮತ್ತು ತೆಲಂಗಾಣದ ಹಳ್ಳಿಗಳಲ್ಲಿ ಹದಿನಾಲ್ಕು ಸಾವಿರ ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟರವರೆಗೆ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ಖಾಸಗಿ ಶಿಶುಶಾಲೆಗಳಲ್ಲಿ ಬಹುಪಾಲು ನಡೆಯುತ್ತಿರುವುದು ಒಂದನೇ ತರಗತಿಯ ಪಾಠವನ್ನೇ ಕೆಳಕ್ಕೆ ಇಳಿಸಿದ ಓದು ಬರಹ ಲೆಕ್ಕ ಎಂದು ಕಂಡಿತು. ಮಕ್ಕಳಿಗೆ ನೆರವಾದದ್ದು ಶಾಲೆಯ ಬೋರ್ಡು ಯಾವುದು ಎಂಬುದಲ್ಲ, ವಯಸ್ಸಿಗೆ ತಕ್ಕ ಚಟುವಟಿಕೆ ಅಲ್ಲಿತ್ತೇ ಎಂಬುದು. ತಮಿಳುನಾಡಿನಲ್ಲಿ 320 ಅಂಗನವಾಡಿಗಳಿಗೆ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಕಲಿಕೆಯ ಹೊತ್ತು ಇಮ್ಮಡಿಯಾಯಿತು. ಮಕ್ಕಳ ಭಾಷೆ, ಲೆಕ್ಕ ಸುಧಾರಿಸಿದವು, ಬೆಳವಣಿಗೆ ಕುಂಠಿತವಾದ ಮಕ್ಕಳ ಪ್ರಮಾಣವೂ ಇಳಿಯಿತು. ಅಡುಗೆ, ತೂಕ, ಚುಚ್ಚುಮದ್ದಿನ ದಿನ, ಸಮೀಕ್ಷೆ, ಮತದಾರರ ಪಟ್ಟಿ ಎಲ್ಲವನ್ನೂ ಹೊತ್ತ ಒಬ್ಬಳೇ ಹೆಂಗಸಿಗೆ ಇನ್ನೊಂದು ಜೊತೆ ಕೈ ಸಿಕ್ಕರೆ ಸಾಕು, ಅಂಗನವಾಡಿ ಶಾಲೆಯಾಗುತ್ತದೆ.

ಇಲ್ಲಿ ಶ್ರದ್ಧಾವಂತರ ಆಕ್ಷೇಪವೊಂದಿದೆ. ಎಳವೆಯಲ್ಲೇ ಅಕ್ಷರ ಹಿಡಿಸುವುದು ನಮ್ಮ ಸಂಪ್ರದಾಯವಲ್ಲವೇ? ಶೃಂಗೇರಿಯ ಶಾರದಾಂಬೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಲು ಮಕ್ಕಳನ್ನು ಎತ್ತಿಕೊಂಡು ಬರುವವರ ಸಾಲು ಇಂದಿಗೂ ಇದೆ. ಚೌಲವಾದ ಮೇಲೆ, ಅಂದರೆ ಮಗುವಿನ ಮೊದಲ ಕೂದಲು ತೆಗೆಸಿದ ಮೇಲೆ, ಲಿಪಿ, ಎಣಿಕೆ ಕಲಿಸಬೇಕೆಂದು ಕೌಟಿಲ್ಯನೇ ಹೇಳಿದ್ದಾನೆ. ಆದರೆ ಕೌಟಿಲ್ಯ ಹೇಳುತ್ತಿರುವುದು ರಾಜಕುಮಾರನ ವಿಷಯ. ಆ ಮಗು ರಾಜ್ಯಕ್ಕಾಗಿ ಸಿದ್ಧವಾಗಬೇಕಾದ ಒಂದು ಸಾಧನ. ಮಗುವನ್ನು ಸಾಧನವಾಗಿ ನೋಡುವ ದೃಷ್ಟಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಕ್ಷರಾಭ್ಯಾಸವಾದರೋ ಬೇರೆ ಜಾತಿಯದು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಹಿರಿಯರು ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುತ್ತಾರೆ. ಮಗುವಿಗೆ ಬಂತೇ ಇಲ್ಲವೇ ಎಂದು ಯಾರೂ ಪರೀಕ್ಷಿಸುವುದಿಲ್ಲ, ಮರುದಿನ ಹೋಂವರ್ಕ್ ಇರುವುದಿಲ್ಲ. ಅದು ಸಂಕಲ್ಪ, ಹರಕೆ, ಹಾರೈಕೆ. ವಿಧಿವತ್ತಾದ ಅಧ್ಯಯನಕ್ಕೆ ಸಂಪ್ರದಾಯ ಉಪನಯನದವರೆಗೆ ಕಾಯುತ್ತಿತ್ತು, ಅಂದರೆ ಸುಮಾರು ಎಂಟರವರೆಗೆ. ಆ ಸಂಪ್ರದಾಯ ಬಹುಪಾಲು ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ದಲಿತರ ಮಕ್ಕಳಿಗೆ ಬಾಗಿಲನ್ನೇ ಮುಚ್ಚಿತ್ತು ಎಂಬುದನ್ನು ಮರೆತು ಅದನ್ನು ಹೊಗಳುವುದು ಮಾತ್ರ ಅಧರ್ಮ.

ಆ ಮುಚ್ಚಿದ ಬಾಗಿಲಿನ ನೆನಪಿನಿಂದಲೇ ಎಲ್ಲಕ್ಕಿಂತ ಬಲವಾದ ಆಕ್ಷೇಪ ಹುಟ್ಟುತ್ತದೆ. ಆಟವೇ ಸಾಕು, ಅವಸರ ಬೇಡ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಮನೆಯಲ್ಲಿ ಪುಸ್ತಕವಿರುವ, ಅಪ್ಪ ಅಮ್ಮ ಇಂಗ್ಲಿಷ್ ಮಾತಾಡುವ ಮಗು ತಡವಾಗಿ ಕಲಿತರೂ ನಷ್ಟವಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತಾಯಿ ಸಾಲ ಮಾಡಿ ಮಗಳನ್ನು ಇಂಗ್ಲಿಷ್ ನರ್ಸರಿಗೆ ಸೇರಿಸಿದರೆ ಅದು ದುರಾಸೆಯಲ್ಲ, ತನಗೆ ಸಿಗದ ಬದುಕು ಮಗಳಿಗೆ ಸಿಗಲಿ ಎಂಬ ಹಟ. 1848ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದಾಗಿನಿಂದ ಅಕ್ಷರವೆಂದರೆ ಬಿಡುಗಡೆ. ಆ ತಾಯಿಗೆ ನಿನ್ನ ಮಗಳು ಆಡಿಕೊಂಡಿರಲಿ ಎನ್ನಲು ಯಾರಿಗೆ ಬಾಯಿದೆ? ಈ ಮಾತಿಗೆ ನಾನು ತಲೆಬಾಗುತ್ತೇನೆ. ಯಾವ ಮಾಧ್ಯಮವೆಂಬುದು ಪೋಷಕರ ಆಯ್ಕೆ, ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಕರ್ನಾಟಕದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಾಗ ಬಹಳಷ್ಟು ಕನ್ನಡಿಗರಿಗೆ ನೋವಾಯಿತು. ಆ ತಾಯಿಯ ಆಸೆಗೂ ಕಾನೂನಿನ ಮನ್ನಣೆ ಸಿಕ್ಕಿತು ಎಂಬುದನ್ನೂ ನೋಡಬೇಕು. ಆಕೆಯ ಗುರಿ ಸರಿ. ಆದರೆ ಆಕೆಗೆ ಮಾರಲಾಗುತ್ತಿರುವ ಸರಕು ಆ ಗುರಿಗೆ ಮುಟ್ಟಿಸುವುದೇ? ಇಕ್ಕಟ್ಟಾದ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿ, ತನಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಕಡಿಮೆ ಸಂಬಳದ ಮಿಸ್ಸು ಹೇಳಿಕೊಡುವ ಸಾಲುಗಳನ್ನು ಮಗು ಒಪ್ಪಿಸುತ್ತದೆ. ಮನೆಯ ಮಾತು ಅಲ್ಲಿ ಆಡುವಂತಿಲ್ಲ, ಆದ್ದರಿಂದ ಮಗು ಮಾತಾಡುವುದೇ ಇಲ್ಲ. ಎರಡು ವರ್ಷವಾದ ಮೇಲೆ ಅದಕ್ಕೆ ಇಂಗ್ಲಿಷೂ ಬಂದಿರುವುದಿಲ್ಲ, ಕನ್ನಡದಲ್ಲಿ ಒಂದು ಕತೆ ಹೇಳುವ ಧೈರ್ಯವೂ ಉಳಿದಿರುವುದಿಲ್ಲ. ಭಾಷೆಯೊಂದರಲ್ಲಿ ಗಟ್ಟಿಯಾಗಿ ನಿಂತ ಮಗು ಆರೇಳು ವರ್ಷದಲ್ಲಿ ಒಳ್ಳೆಯ ಶಿಕ್ಷಕರಿಂದ ಇಂಗ್ಲಿಷ್ ಕಲಿಯುವುದು ಬಡವರ ಮಕ್ಕಳಿಗೂ ಸಾಧ್ಯ, ಆ ಒಳ್ಳೆಯ ಶಿಕ್ಷಕರನ್ನು ಕೊಟ್ಟರೆ. ಆಟ ಉಳ್ಳವರ ಮಕ್ಕಳ ಸೊತ್ತು, ಉರು ಹೊಡೆಯುವುದು ಬಡ ಮಕ್ಕಳ ಪಾಲು ಎಂಬ ಹಂಚಿಕೆಯೇ ಅನ್ಯಾಯ. ಅದನ್ನು ಸರಿಪಡಿಸುವ ಹೊಣೆ ಆ ತಾಯಿಯದಲ್ಲ, ರಾಜ್ಯದ್ದು. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಕೊಟ್ಟಿತು; ಆರರೊಳಗಿನವರನ್ನು 45ನೇ ವಿಧಿಯ ನಿರ್ದೇಶಕ ತತ್ತ್ವದಲ್ಲಿ, ಅಂದರೆ ನ್ಯಾಯಾಲಯದಲ್ಲಿ ಕೇಳಲಾಗದ ಭರವಸೆಯಲ್ಲಿ, ಬಿಟ್ಟಿತು. ರಾಜ್ಯ ಆ ಹೊಣೆ ಹೊರದಿರುವಾಗ, ಮಗಳು ಸಂಜೆಯವರೆಗೆ ಸುರಕ್ಷಿತವಾಗಿರಬೇಕೆಂಬ ಒಂದೇ ಕಾರಣಕ್ಕೆ ನರ್ಸರಿಗೆ ದುಡ್ಡು ಸುರಿಯುವ ತಾಯಂದಿರು ಎಷ್ಟಿಲ್ಲ?

ಇನ್ನು ತರ್ಕದ ಆಕ್ಷೇಪ. ಇವತ್ತನ್ನು ನಾಳೆಗೆ ಒತ್ತೆಯಿಡಬಾರದೆಂದರೆ ಲಸಿಕೆ ಹಾಕಿಸುವುದು ಹೇಗೆ? ಸೂಜಿ ಕಂಡು ಮಗು ಚೀರುತ್ತದೆ, ನಾವು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. ಇದಕ್ಕೆ ಉತ್ತರ ಕಷ್ಟವಲ್ಲ. ಲಸಿಕೆಯ ನೋವು ಒಂದು ಗಳಿಗೆಯದು, ಪ್ರಯೋಜನ ಖಚಿತ, ಬೇರೆ ದಾರಿಯಿಲ್ಲ, ಮತ್ತು ಆ ಪ್ರಯೋಜನ ಮಗುವಿನದೇ. ಮೂರರಲ್ಲಿ ಬರೆಸುವುದು ಒಂದು ಗಳಿಗೆಯಲ್ಲ, ಎರಡು ವರ್ಷಗಳ ಬೆಳಗುಗಳು. ಅದರಿಂದ ಸಿಗುವುದು ಆರರಲ್ಲಿ ಅರ್ಧ ಶ್ರಮಕ್ಕೆ ಸಿಗುವಂಥದ್ದು. ಫಿನ್ಲೆಂಡಿನಲ್ಲಿ ಮಗು ಶಾಲೆಯ ಓದಿಗೆ ಕೂರುವುದು ಏಳು ತುಂಬುವ ವರ್ಷದಲ್ಲಿ, ಅಲ್ಲಿನವರು ಓದು ಬಾರದೆ ಉಳಿದಿಲ್ಲ. ಇನ್ನು ಲಾಭ ಯಾರದು? ನೆಂಟರ ಮುಂದೆ ಮಗು ರೈಮ್ಸ್ ಹೇಳಿದಾಗ ಉಬ್ಬುವುದು ಯಾರ ಎದೆ? ಯಾಜ್ಞವಲ್ಕ್ಯನ ಮಾತು ಇಲ್ಲಿ ನಾಟುತ್ತದೆ. ನಮ್ಮೊಳಗಿನ ಭಯ, ನಮ್ಮ ಹಂಬಲ, ಪಕ್ಕದ ಮನೆಯವರಿಗಿಂತ ಹಿಂದೆ ಬೀಳುವ ಅಳುಕು ಮಗುವಿನ ಹಿತದ ವೇಷದಲ್ಲಿ ಬರುತ್ತವೆ. ಅವು ಬರುವುದೇ ತಪ್ಪಲ್ಲ, ಅವನ್ನು ಗುರುತಿಸದೆ ಮಗುವಿನ ತಲೆಗೆ ಕಟ್ಟುವುದು ತಪ್ಪು. ಅಬಾಕಸ್, ಫೋನಿಕ್ಸ್, ನಾಲ್ಕು ವರ್ಷಕ್ಕೇ ಕೋಡಿಂಗ್ ಎಂದು ಒಂದರ ಮೇಲೊಂದು ಸೇರಿಸುತ್ತಾ ಹೋಗುವ ಮನೆಗಳಿಗೆ ಆಯ್ದಕ್ಕಿ ಲಕ್ಕಮ್ಮನ ಕತೆ ನೆನಪಿಸಬೇಕೆನಿಸುತ್ತದೆ. ಗಂಡ ಮಾರಯ್ಯ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದಳು. ನಾಳೆಯ ಭಯಕ್ಕೆ ಕೂಡಿಡುವುದೂ ನಂಬಿಕೆಯ ಕೊರತೆಯೇ ಎಂದು ಆಕೆಗೆ ಗೊತ್ತಿತ್ತು.

ಆದ್ದರಿಂದ ಶಾಲೆ ನೋಡಲು ಹೋದಾಗ ಬೋರ್ಡನ್ನು ನೆಚ್ಚಬೇಡಿ. ಮಾಂಟೆಸರಿ ಎಂಬ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕಾನೂನಿನ ತಡೆಯಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಬ್ರೋಷರ್ ಓದಿ ಬರಬೇಡಿ. ಬೆಳಗ್ಗೆ ಹತ್ತಕ್ಕೆ ಹೋಗಿ, ತರಗತಿಯ ಮೂಲೆಯಲ್ಲಿ ಒಂದು ಗಂಟೆ ಸುಮ್ಮನೆ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಡುವುದಿಲ್ಲವೆಂದರೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಂತೆ. ಬಿಟ್ಟರೆ, ಅಳುವ ಮಗುವನ್ನು ಯಾರು, ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತಾರೆ ನೋಡಿ. ಒಂದು ಲೋಟದಿಂದ ಇನ್ನೊಂದಕ್ಕೆ ರಾಗಿ ಸುರಿಯುತ್ತಾ ಕೂತ ಮಗು ಅರ್ಧ ಚೆಲ್ಲಿ, ನೆಲದ ಮೇಲಿನ ಕಾಳನ್ನು ಹೆಬ್ಬೆರಳು ತೋರುಬೆರಳಲ್ಲಿ ಒಂದೊಂದಾಗಿ ಹೆಕ್ಕುತ್ತಿರುವಾಗ ಅದನ್ನು ಬೇಗ ಮುಗಿಸು ಎನ್ನುತ್ತಾರೆಯೇ, ತನ್ನಷ್ಟಕ್ಕೆ ಬಿಡುತ್ತಾರೆಯೇ ನೋಡಿ. ಪೆನ್ಸಿಲಿಗೆ ಬೇಕಾದ ಹಿಡಿತ ಬರುವುದೂ ಆ ಕಾಳಿನಿಂದಲೇ. ಊಟದ ಹೊತ್ತಿನಲ್ಲಿ ನಿಧಾನ ಉಣ್ಣುವ ಮಗುವಿಗೆ ಏನಾಗುತ್ತದೆ ನೋಡಿ. ಅರ್ಜಿಗೆ ಸಹಿ ಹಾಕುವ ಮೊದಲು ನಿಮ್ಮದೇ ಬೀದಿಯ ಅಂಗನವಾಡಿಗೂ ಒಂದು ಬೆಳಗ್ಗೆ ಹೋಗಿ ಬನ್ನಿ. ಅಲ್ಲಿನ ಕಾರ್ಯಕರ್ತೆ ಒಬ್ಬಳೇ ಇದ್ದರೆ, ಗೋಡೆ ಸೋರುತ್ತಿದ್ದರೆ, ನಿಮ್ಮ ಮಗುವನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿದ ಮೇಲೂ, ನಿಮ್ಮ ವಾರ್ಡಿನ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಅದರ ಬಗ್ಗೆ ಎದ್ದುನಿಂತು ಕೇಳಿ. ಅಲ್ಲಿ ಕೂತಿರುವ ಮಕ್ಕಳಿಗೂ ವಯಸ್ಸು ಮೂರೇ.